ಬರಗೇರಮ್ಮ ಉಳಿಸಿಕೊಂಡ ಹೆಸರು

ಬರಗೇರಮ್ಮನ ಸಾಂಬಾರಿನ ಬಗ್ಗೆ ಇದುವರೆಗೆ ಯಾರೂ ಕೆಟ್ಟ ಮಾತಾಡಿಲ್ಲ. ಅವಳ ನಾಲಿಗೆಯ ಬಗ್ಗೆ ಆಡದವರಿಲ್ಲ. ಹಿರೇಗುಂಟನೂರಿನಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಕುರಿಗಾರರ ಹಟ್ಟಿಯ ಸರ್ಕಾರಿ ಶಾಲೆಯಲ್ಲಿ ಅವಳು ಬಿಸಿಯೂಟ ಮಾಡುವವಳು. ತಟ್ಟೆಯಲ್ಲಿ ಅನ್ನ ಬಿಟ್ಟೆದ್ದ ಮಗುವಿನ ಮೂರು ತಲೆಮಾರನ್ನು ಹಿಡಿದು ಬೈಯುತ್ತಾಳೆ; ಅದೇ ಮಗು ಇನ್ನೊಂದು ಸೌಟು ಕೇಳಿದರೆ ತಟ್ಟೆ ತುಳುಕುವಷ್ಟು ಬಡಿಸುತ್ತಾಳೆ. ಗಂಡ ಸಣ್ಣಪ್ಪ ಮಾತು ಬಾರದವನಲ್ಲ, ಆಡದವನು. ಇಬ್ಬರಿಗೂ ಸೇರಿಸಿ ದೇವರು ಕೊಟ್ಟ ಮಾತನ್ನೆಲ್ಲ ಇವಳೊಬ್ಬಳೇ ಬಾಚಿಕೊಂಡಳು ಎಂದು ಹಟ್ಟಿಯವರು ನಗುತ್ತಿದ್ದರು.

ನಗುತ್ತಿದ್ದದ್ದು ಹಿಂದಿನ ಮಾತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಆ ಮನೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಹೆಸರು ಸುಮಿತ್ರಾ. ಅವ್ವನ ಶಾಲೆಯಲ್ಲೇ ಒಂದನೇ ಕ್ಲಾಸು ಮುಗಿಸಿತು. ಸಣ್ಣಪ್ಪ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೊಳಲ್ಕೆರೆ ದಾಟಿ ನಾಲೆ ಬಯಲಿಗೆ ಹೋಗುತ್ತಾನೆ. ಕೊಯ್ದ ಗದ್ದೆಗಳಲ್ಲಿ ಮಂದೆ ನಿಲ್ಲಿಸಿದರೆ ರೈತರಿಗೆ ಗೊಬ್ಬರ, ಇವರಿಗೆ ಕಾಳು. ಎರಡು ಸಾವಿರದ ಹದಿನೈದರ ಬೇಸಿಗೆ ರಜೆಯಲ್ಲಿ ಮಗು ತಾನೂ ಮಂದೆಗೆ ಬರುತ್ತೇನೆ ಎಂದು ಹಟ ಹಿಡಿಯಿತು. ಹೋಗಿ ಬರಲಿ ಬಿಡು ಎಂದು ಬರಗೇರಮ್ಮನೇ ತಲೆ ಬಾಚಿ, ಹೊಸ ಲಂಗ ಹಾಕಿ ಕಳಿಸಿದಳು.

ಹನ್ನೆರಡನೆಯ ದಿನ ಜ್ವರ ಬಂತು. ಜ್ವರದ ಮೂರನೆಯ ದಿನ ಸಣ್ಣಪ್ಪ ಮಗುವನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯ ದಾರಿ ಹಿಡಿದ. ಆಸ್ಪತ್ರೆ ಮುಟ್ಟಲಿಲ್ಲ. ಹಟ್ಟಿಗೆ ಫೋನು ಸಿಗಲಿಲ್ಲ, ಆ ಬಿಸಿಲಿಗೆ ಕಾಯುವ ಹಾಗೂ ಇರಲಿಲ್ಲ. ನಾಲೆಯ ಏರಿಯ ಪಕ್ಕದಲ್ಲಿ ತಾನೇ ಗುಂಡಿ ತೋಡಿ, ಮಗುವಿಗೆ ಮಣ್ಣು ಕೊಟ್ಟು, ಆ ಲಂಗವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದ. ಬರಗೇರಮ್ಮ ಮಗಳ ಮುಖ ನೋಡಲಿಲ್ಲ. ಆ ಸಂಕಟಕ್ಕೆ ಹೆಸರಿಡಲು ನನ್ನಿಂದಾಗುವುದಿಲ್ಲ. ಸಾವನ್ನು ಬರೆಸಬೇಕು ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಕುರಿಗಾರರ ಮಗು ಪರ ಊರಿನ ಬದುವಿನ ಮೇಲೆ ಸತ್ತರೆ ಅದು ಯಾವ ಪಂಚಾಯ್ತಿಯ ಸಾವು?

ಜೂನಿನಲ್ಲಿ ಶಾಲೆ ತೆರೆಯಿತು. ಬರಗೇರಮ್ಮ ಒಲೆ ಹಚ್ಚಿದಳು, ಯಾರನ್ನೂ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದು ಮಕ್ಕಳಿಗೆ ಹೆದರಿಕೆ ಹುಟ್ಟಿಸಿತು.

ಆಗಲೇ ಶಾಲೆಯ ಬೇಲಿಯ ಹೊರಗೆ ಒಂದು ಹುಡುಗಿ ಬಂದು ಕೂರತೊಡಗಿದ್ದು. ಏಳು ವರ್ಷವಿರಬಹುದು. ಗುಡ್ಡದ ಮೇಲೆ ಗಾಳಿಯಂತ್ರದ ಕಂಬಗಳಿಗೆ ಬಣ್ಣ ಬಳಿಯಲು ಬಂದಿದ್ದವರ ತಗಡಿನ ಶೆಡ್ಡಿನಿಂದ ಬರುತ್ತಿತ್ತು. ಅಪ್ಪನ ಹೆಸರು ಯೋಗನಾಥನ್. ಲಂಕೆಯಲ್ಲಿ ಗುಂಡು ಹಾರುತ್ತಿದ್ದ ಕಾಲದಲ್ಲಿ, ಹತ್ತು ವರ್ಷದವನಿದ್ದಾಗ, ದೋಣಿಯಲ್ಲಿ ಈ ದಡಕ್ಕೆ ಬಂದವನು. ತಮಿಳುನಾಡಿನ ನಿರಾಶ್ರಿತರ ಕ್ಯಾಂಪಿನಲ್ಲಿ ಬೆಳೆದ, ಅಲ್ಲೇ ಮದುವೆಯಾದ, ಅಲ್ಲೇ ಹೆಂಡತಿಯನ್ನು ಕಳೆದುಕೊಂಡ. ಆ ಕ್ಯಾಂಪಿನ ಗಂಡಸರಿಗೆ ಎತ್ತರಕ್ಕೆ ಹತ್ತಿ ಬಣ್ಣ ಬಳಿಯುವುದೇ ಕಸುಬು. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಹಾಜರಿ ಕೊಟ್ಟು ಬರಬೇಕು, ಇಲ್ಲವಾದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ತಾಯಿಯಿಲ್ಲದ ಮಗಳನ್ನು ಅಲ್ಲಿ ಯಾರ ಬಳಿಯೂ ಬಿಡಲಾರದೆ ಜೊತೆಗೆ ಕಟ್ಟಿಕೊಂಡು ಬಂದಿದ್ದ. ಹುಡುಗಿಯ ಹೆಸರು ನಿರೋಜಾ.

ಊಟದ ಗಂಟೆ ಹೊಡೆದ ಮೇಲೆ ಬೇಲಿಯಾಚೆ ಕೂತ ಮಗುವಿಗೆ ಬಡಿಸದೆ ಇರುವವಳಲ್ಲ ಬರಗೇರಮ್ಮ. ಮೂರನೆಯ ದಿನ ಅದು ತಟ್ಟೆಯಲ್ಲಿ ಅನ್ನ ಬಿಟ್ಟಿತು. ಬರಗೇರಮ್ಮ ಬೈದಳು. ತಿಂಗಳಾದ ಮೇಲೆ ಅವಳ ಬಾಯಿಂದ ಬಂದ ಮೊದಲ ಬೈಗುಳ ಅದು. ಹುಡುಗಿ ಒಂದಕ್ಷರ ತಿಳಿಯದೆ ನಕ್ಕಿತು.

ಶಾಲೆಗೆ ಇದ್ದವರು ಒಬ್ಬರೇ ಮೇಷ್ಟ್ರು, ಹೊಳಲ್ಕೆರೆಯ ರಾಜಶೇಖರ್. ಒಂದು ಸಂಜೆ ಅವರು ಯೋಗನಾಥನ್‌ನನ್ನು ಕರೆಸಿ ಮಗಳನ್ನು ಸೇರಿಸುವಂತೆ ಹೇಳಿದರು. ಅವನು ಹಿಂದಿನ ಶಾಲೆಯ ಟಿಸಿ ಇಲ್ಲ, ಕ್ಯಾಂಪಿನಲ್ಲಿ ಹೇಳದೆ ಕರೆತಂದಿದ್ದೇನೆ, ಎಲ್ಲಾದರೂ ಬರೆದರೆ ಪೊಲೀಸರು ಬರುತ್ತಾರೇನೋ ಎಂದು ಕೈ ಹಿಸುಕಿಕೊಂಡ. ಅವನು ಹೊರಗೆ ಬೀಡಿ ಸೇದಲು ಹೋದಾಗ ಮೇಷ್ಟ್ರು ಪಾತ್ರೆ ತೊಳೆಯುತ್ತಿದ್ದ ಬರಗೇರಮ್ಮನಿಗೆ ಹೇಳಿದರು: ಇವನ ಹೆದರಿಕೆ ಸುಳ್ಳು, ಕಾಗದ ಇಲ್ಲದಿದ್ದರೂ ಮಗುವನ್ನು ಸೇರಿಸಿಕೊಳ್ಳಬಹುದು, ಕಾನೂನೇ ಇದೆ, ಅದರ ಹೆಸರಲ್ಲೇ ಬರೆಯುತ್ತೇನೆ. ಹಾಜರಿ ಪುಸ್ತಕ ತೆಗೆದರು. ಎರಡನೇ ಕ್ಲಾಸಿನ ಪುಟದಲ್ಲಿ ಸುಮಿತ್ರಾಳ ಹೆಸರು ಹಾಗೆಯೇ ಇತ್ತು. ಇದನ್ನೂ ಇವತ್ತೇ ಹೊಡೆದುಬಿಡುತ್ತೇನಮ್ಮ, ಎಷ್ಟು ದಿನ ಇಟ್ಟುಕೊಳ್ಳಲಿ, ಎಂದು ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಬರಗೇರಮ್ಮ ಒದ್ದೆ ಕೈಯಲ್ಲೇ ಅವರ ಮಣಿಕಟ್ಟು ಹಿಡಿದಳು.

"ಹೊಡೀಬ್ಯಾಡ್ರಿ ಮೇಷ್ಟ್ರೇ. ಆ ಕೂಸು ಅದ್ರಾಗೇ ಓದ್ಲಿ. ನಿಮ್ ದಮ್ಮಯ್ಯ, ಹೊಡೀಬ್ಯಾಡ್ರಿ."

ಈದ ಕೂಡಲೇ ಮರಿ ಸತ್ತರೆ ಕುರಿಗಾರರು ಆ ಚರ್ಮ ಸುಲಿದು ತಬ್ಬಲಿ ಮರಿಯೊಂದಕ್ಕೆ ಹೊದಿಸಿ ಕಟ್ಟುತ್ತಾರೆ. ತಾಯಿ ಕುರಿ ಮೂಸಿ ನೋಡಿ, ತನ್ನದೇ ಎಂದುಕೊಂಡು ಹಾಲು ಬಿಡುತ್ತದೆ. ಹುಟ್ಟಿದಾಗಿನಿಂದ ಅದನ್ನು ಕಂಡ ಹೆಂಗಸಿಗೆ ಆ ಗಳಿಗೆಯಲ್ಲಿ ಹೊಳೆದದ್ದು ಅದೇ. ಮೇಷ್ಟ್ರಾದರೂ ಬೇಡ ಅನ್ನಬೇಕಿತ್ತು. ಅವರು ಒಳ್ಳೆಯವರು, ಆದರೆ ಅಳುವ ಹೆಂಗಸಿನ ಎದುರು ಕಾನೂನು ಹೇಳಲು ಬರದವರು. ಪೆನ್ನಿನ ಮುಚ್ಚಳ ಹಾಕಿದರು. ಕಾಗದ ಇಲ್ಲದ ಮಗುವಿಗೆ ಬರಗೇರಮ್ಮ ತನ್ನ ಮಗಳ ಹೆಸರನ್ನೇ ಕೊಟ್ಟಳು ಎಂದು ಹಟ್ಟಿಯೆಲ್ಲ ಹೊಗಳಿತು. ಯೋಗನಾಥನ್ ಅಕ್ಕಾ ಎಂದು ಕಾಲಿಗೆ ಬಿದ್ದ. ಅದು ಕೊಟ್ಟದ್ದಲ್ಲ, ಉಳಿಸಿಕೊಂಡದ್ದು ಎನ್ನುವುದು ಅವಳಿಗೂ ಮೇಷ್ಟ್ರಿಗೂ ಮಾತ್ರ ಗೊತ್ತಿತ್ತು.

ಮರುದಿನದಿಂದ ಬೆಳಿಗ್ಗೆ ಹಾಜರಿ ಕೂಗುವಾಗ "ಸುಮಿತ್ರಾ" ಎನ್ನುವ ಕರೆಗೆ "ಹಾಜರ್ ಸಾರ್" ಎನ್ನುವ ಉತ್ತರ ಬರತೊಡಗಿತು. ಮೊದಲ ವಾರ ಅಡುಗೆಮನೆಯಲ್ಲಿ ಬರಗೇರಮ್ಮನ ಕೈಯ ಸೌಟು ನಿಂತುಹೋಗುತ್ತಿತ್ತು. ಆಮೇಲೆ ಆ ಕರೆಗಾಗಿಯೇ ಕಾಯತೊಡಗಿದಳು. ಹುಡುಗಿಗೆ ಜ್ವರ ಬಂದು ಮನೆಯಲ್ಲಿ ಉಳಿದ ದಿನ ಕರೆಗೆ ಉತ್ತರ ಬರದೆ, ಅವತ್ತು ಹಟ್ಟಿಯ ಮಕ್ಕಳು ಉಪ್ಪಿಲ್ಲದ ಸಾರು ಉಂಡರು.

ಸಣ್ಣಪ್ಪನಿಗೆ ತಿಳಿದಾಗ ಅವನು ಒಂದೇ ಮಾತು ಆಡಿದ.

"ನಾನು ಮಣ್ಣು ಕೊಟ್ ಬಂದೀನಿ ಕಣೆ. ನೀನು ಹಾಜರಿ ಕೊಡಿಸ್ತಿದೀಯ. ಕಟ್ಟಿದ್ ಚರ್ಮನ ನಾಕ್ ದಿನಕ್ಕೆ ಬಿಚ್ಚಬೇಕು, ಇಲ್ಲ ಅಂದ್ರೆ ಮರಿ ಮೈಮ್ಯಾಲೇ ಕೊಳೀತೈತೆ."

ಅವಳು ಮುಖ ತಿರುಗಿಸಿದಳು. ಅಂದಿನಿಂದ ಅವನು ಊರಲ್ಲಿದ್ದಾಗಲೂ ಕುರಿರೊಪ್ಪದ ಹತ್ತಿರವೇ ಮಲಗತೊಡಗಿದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಜಗಳವೇ ಆಗಿರಲಿಲ್ಲ, ಅದಕ್ಕೇ ಮುಗಿಯಲಿಲ್ಲ.

ಹುಡುಗಿ ಮಾತ್ರ ಬೆಳೆಯಿತು. ವರ್ಷದೊಳಗೆ ಹಟ್ಟಿಯ ಮಕ್ಕಳಿಗಿಂತ ಜೋರಾಗಿ ಕನ್ನಡದಲ್ಲಿ ಜಗಳವಾಡಿತು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಹಟ್ಟಿಯವರು ಯಾವುದಾದರೂ ಅರ್ಜಿ ಬರೆಸಬೇಕಾದರೆ ಪೇಂಟರ್ ಮಗಳನ್ನು ಕರೀರಿ ಎನ್ನುತ್ತಿದ್ದರು. ಗಾಳಿಯಂತ್ರದ ಕೆಲಸ ಮುಗಿದ ಮೇಲೆ ಯೋಗನಾಥನ್ ಕರೆಂಟಿನ ಟವರುಗಳಿಗೆ, ಟ್ಯಾಂಕುಗಳಿಗೆ ಬಣ್ಣ ಬಳಿಯುತ್ತ ಹಿರಿಯೂರು ಹೊಸದುರ್ಗ ತಿರುಗಿದ. ಮಗಳು ಬರಗೇರಮ್ಮನ ಮನೆಯಲ್ಲೇ ಉಳಿದಳು. ಬೇಸಿಗೆ ರಜೆಗೆ ಅವಳನ್ನು ಕ್ಯಾಂಪಿಗೆ ಕರೆದೊಯ್ದು, ನಮ್ಮವರ ಮನೆಯಲ್ಲಿ ಇದ್ದಾಳೆ ಎಂದು ಮುಖ ತೋರಿಸಿ ತರುತ್ತಿದ್ದ. ಬರಗೇರಮ್ಮ ಅವಳನ್ನು ಸುಮಿತ್ರಾ ಎಂದು ಎಂದೂ ಕರೆಯಲಿಲ್ಲ, ನಿರೋಜಾ ಎಂದೂ ಕರೆಯಲಿಲ್ಲ. ಕೂಸು ಎನ್ನುತ್ತಿದ್ದಳು. ಅವಳು ಅವ್ವಾ ಎನ್ನುತ್ತಿದ್ದಳು.

ಇನ್ನೊಂದು ಸಂಗತಿ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಆ ಹಟ್ಟಿಯಿಂದ ಅದುವರೆಗೆ ಒಂದು ಹೆಣ್ಣು ಮಗುವೂ ಹೈಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ. ನಾಲ್ಕು ಕಿಲೋಮೀಟರ್ ಒಂಟಿ ಹುಡುಗಿಯನ್ನು ಯಾರು ಕಳಿಸುತ್ತಾರೆ? ತಿಪ್ಪೇಶನ ಮಗಳು ಯಶೋದಾಳಿಗೂ ಮೈ ನೆರೆದ ಕೂಡಲೇ ಕುರಿ ಹಿಂದೆ ಹೋಗುವುದು ಎಂದು ಗೊತ್ತುಮಾಡಿದ್ದರು. ಬರಗೇರಮ್ಮ ಅವನ ಮನೆ ಬಾಗಿಲಲ್ಲಿ ನಿಂತು ಹಟ್ಟಿ ನಡುಗುವ ಹಾಗೆ ಬೈದು, ನನ್ನ ಕೂಸು ಜೊತೆಗಿರುತ್ತದೆ, ನಿನ್ನದನ್ನೂ ಕಳಿಸು ಎಂದಳು. ಇಬ್ಬರೂ ಜೊತೆಯಾಗಿ ನಡೆದರು. ಮರುವರ್ಷ ಅವರ ಹಿಂದೆ ಮೂವರು ಹುಡುಗಿಯರು ನಡೆದರು. ಯಾರ ಮಗಳು ಎಂದು ಹೇಳಿಕೊಳ್ಳಲಾಗದ ಒಂದು ಹುಡುಗಿಯಿಂದ ಆ ಹಟ್ಟಿಯ ಹೆಣ್ಣು ಮಕ್ಕಳಿಗೆ ದಾರಿಯಾಯಿತು.

ಎರಡು ಸಾವಿರದ ಇಪ್ಪತ್ತನಾಲ್ಕರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಆರುನೂರ ಇಪ್ಪತ್ತೈದಕ್ಕೆ ಐನೂರ ಎಂಬತ್ತೊಂದು. ಊರ ಹುಡುಗರು ಹಿರೇಗುಂಟನೂರಿನ ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಕಟ್ಟಿದರು. ನಿರೋಜಾಳ ಮುಖ, ಕೆಳಗೆ ದಪ್ಪಕ್ಷರದಲ್ಲಿ ಕುಮಾರಿ ಸುಮಿತ್ರಾ, ಸಣ್ಣಪ್ಪನವರ ಸುಪುತ್ರಿ. ಸಣ್ಣಪ್ಪ ಅದೇ ವಾರ ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಮರಳಿದ. ಓದಲು ಬಾರದವನು, ಪಕ್ಕದಲ್ಲಿದ್ದವರನ್ನು ಕೇಳಿದ. ಅವರು ಓದಿ ಹೇಳಿ ಬೆನ್ನು ತಟ್ಟಿದರು. ಅವನು ಫ್ಲೆಕ್ಸಿನ ಕೆಳಗೆ ಕೂತವನು ಏಳಲಿಲ್ಲ. ಕುರಿಗಳು ತಾವಾಗಿ ಹಟ್ಟಿಗೆ ಬಂದವು. ಬರಗೇರಮ್ಮ ಹುಡುಕಿಕೊಂಡು ಹೋದಾಗ ಗಂಡ ಬೀದಿಯಲ್ಲಿ ಎಲ್ಲರೆದುರು ಅಳುತ್ತಿದ್ದ. ಒಂಬತ್ತು ವರ್ಷದಲ್ಲಿ ಅವನ ಕಣ್ಣೀರನ್ನು ಅವಳು ನೋಡಿದ್ದು ಅದೇ ಮೊದಲು. ಆದರೂ ಅವಳ ಮನಸ್ಸು ಕರಗಲಿಲ್ಲ. ಚಿತ್ರದುರ್ಗದ ಕಾಲೇಜು, ಹಾಸ್ಟೆಲ್ಲು, ಆಮೇಲೆ ನರ್ಸಿಂಗು ಎಂದು ಅವಳ ತಲೆ ಮುಂದೆ ಮುಂದೆ ಓಡುತ್ತಿತ್ತು.

ಆ ವಾರವೇ ಯೋಗನಾಥನ್ ಬಂದ. ಬಣ್ಣದ ಗಾಳಿ ಕುಡಿದು ಕುಡಿದು ಎದೆ ಕೆಟ್ಟಿತ್ತು, ಇನ್ನು ಕಂಬ ಹತ್ತಲಾಗದು. ಕ್ಯಾಂಪಿನಲ್ಲಿ ಹೊಸ ಮನೆ ಕೊಡುತ್ತಿದ್ದಾರೆ, ಮನೆಯವರೆಲ್ಲ ಎದುರಿಗೆ ಇರಬೇಕು, ಪಟ್ಟಿಯನ್ನು ಹೊಸದಾಗಿ ಬರೆಯುತ್ತಾರೆ ಎಂದ. ಮಗಳು ನೆಲ ನೋಡುತ್ತ, ತಾನು ಅಲ್ಲಿಗೆ ಹೋದರೆ ಎರಡನೇ ಕ್ಲಾಸಿಗೆ ಓದು ಬಿಟ್ಟವಳು, ಇಲ್ಲಿದ್ದರೆ ಕಾಲೇಜು ಸೇರುವವಳು ಎಂದಳು. ಅವನೂ ಅದನ್ನೆಲ್ಲ ದಾರಿಯಲ್ಲೇ ಯೋಚಿಸಿಕೊಂಡು ಬಂದಿದ್ದ.

"ಅವ್ಳು ಇಲ್ಲೇ ಓದಲಿ ಅಕ್ಕ," ಎಂದ. "ಸುಮಿತ್ರಾ ಆಗೇ ಇರಲಿ. ಅಲ್ಲಿ ಪಟ್ಟಿಯಲ್ಲಿ ನಿರೋಜಾ ಸತ್ತೋದ್ಲು ಅಂತ ಬರೆಸ್ತೀನಿ. ಜೀವ ಇದ್ರೆ ಸಾಕು, ಹೆಸರು ಯಾಕೆ?"

ಬರಗೇರಮ್ಮ ರೊಟ್ಟಿ ತಟ್ಟುತ್ತಿದ್ದಳು. ಅವನು ಹಾಗೆ ಹೇಳಿ, ಯಾವುದೋ ಸಣ್ಣ ಕೆಲಸ ಮುಗಿದ ಹಾಗೆ ನೀರು ಕೇಳಿದ. ಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕೆ ಇಟ್ಟ. ಅವತ್ತು ಅವಳು ತನ್ನ ಸತ್ತ ಮಗಳ ಹೆಸರಿನ ಮೇಲೆ ಕೆಂಪು ಗೀಟು ಬೀಳುವುದನ್ನು ತಾಳಲಾರದೆ ಮೇಷ್ಟ್ರ ಕೈ ಹಿಡಿದಿದ್ದಳು. ಈಗ ಒಬ್ಬ ಅಪ್ಪ ಬದುಕಿರುವ ಮಗಳ ಹೆಸರನ್ನು ತಾನೇ ಹೊಡೆದು ಹಾಕಲು ಹೊರಟಿದ್ದ. ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದವಳು ತಾನೇ ಎನ್ನುವುದು ಅವಳ ಎದೆಗೆ ಬಂತು. ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು, ಅವಳಿಗೆ ಎಚ್ಚರವಿರಲಿಲ್ಲ.

ಅವರಿಬ್ಬರನ್ನೂ ಕೂರಿಸಿಕೊಂಡು ಒಂಬತ್ತು ವರ್ಷದ ಹಿಂದಿನ ಮಾತನ್ನು ಹೇಳಿದಳು. ಅವತ್ತು ಮೇಷ್ಟ್ರು ನಿನ್ನ ಹೆಸರನ್ನೇ ಬರೆಯಲು ಹೊರಟಿದ್ದರು, ಕಾಗದ ಬೇಕಿರಲಿಲ್ಲ, ಬೇಡ ಎಂದವಳು ನಾನು, ನಿನ್ನ ಸಲುವಾಗಿ ಅಲ್ಲ. ಯೋಗನಾಥನ್ ಎದ್ದು ಹೊರಗೆ ಹೋದ. ಹುಡುಗಿ ಹೋಗಲಿಲ್ಲ. ಬೈದಿದ್ದರೆ, ಕೂಗಾಡಿದ್ದರೆ ಬರಗೇರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹಂಗಾದ್ರೆ ಅಷ್ಟೂ ದಿನ ನಾನು ಹಾಜರ್ ಅಂದಿದ್ದು ನನಗಲ್ವಾ ಅವ್ವ?" ಎಂದಿತು.

ಮರುದಿನ ಬರಗೇರಮ್ಮ ಹೊಳಲ್ಕೆರೆಗೆ ಹೋಗಿ ಮೇಷ್ಟ್ರಿಗೆ ಎಲ್ಲ ಹೇಳಿದಳು.

ಅಷ್ಟರಲ್ಲಿ ನಿವೃತ್ತರಾಗಿದ್ದ ರಾಜಶೇಖರ್ ಮೇಷ್ಟ್ರು ಚಿತ್ರದುರ್ಗದ ಶಿಕ್ಷಣ ಇಲಾಖೆಯ ಕಚೇರಿಗೆ ತಾವೇ ಹೋಗಿ ತಪ್ಪೊಪ್ಪಿಕೊಂಡರು. ಅಲ್ಲಿನ ಅಧಿಕಾರಿ ಕೆಟ್ಟವರಲ್ಲ. ಅಂಕಪಟ್ಟಿಯ ಹೆಸರು ತಿದ್ದಲು ಬರುವುದಿಲ್ಲ ಎಂದರು. ಬೇರೆ ಮಗುವಿನ ಹೆಸರು, ಬೇರೆ ತಂದೆ ತಾಯಿ, ಅದು ತಿದ್ದುಪಡಿಯಲ್ಲ. ಆ ಮಗುವಿನ ಸಾವನ್ನು ಮೊದಲು ಬರೆಸಿ, ಅಂಕಪಟ್ಟಿ ವಾಪಸ್ ಮಾಡಿ, ಈ ಹುಡುಗಿ ತನ್ನ ಹೆಸರಿನಲ್ಲಿ ಮತ್ತೆ ಪರೀಕ್ಷೆ ಕಟ್ಟಲಿ ಎಂದರು. ಎಲ್ಲಿ ಕಟ್ಟುವುದು? ಇಲ್ಲಿ ಆ ಹೆಸರಿಗೆ ಶಾಲೆಯ ದಾಖಲೆಯೇ ಇಲ್ಲ; ಹೆಸರಿರುವ ಕ್ಯಾಂಪಿನ ಊರಿನಲ್ಲಿ ಪಾಠ ತಮಿಳಿನಲ್ಲಿ. ಮಾತನಾಡಲು ಬರುತ್ತದೆ, ಬರೆಯಲು ಎರಡನೇ ಕ್ಲಾಸಿನಷ್ಟು. ಐನೂರ ಎಂಬತ್ತೊಂದು ಅಂಕ ತೆಗೆದ ಹುಡುಗಿ ಅಲ್ಲಿ ಅಕ್ಷರಮಾಲೆಯಿಂದ ತೊಡಗಬೇಕು. ಕಾನೂನು ಸರಿಯಾಗಿಯೇ ಇತ್ತು. ಅದೇ ಹೆಚ್ಚು ನೋಯುವಂಥದ್ದು.

ಸಾವನ್ನು ಸತ್ತ ಕಡೆಯಲ್ಲೇ ಬರೆಸಬೇಕಂತೆ. ಜೂನಿನ ಒಂದು ಬೆಳಿಗ್ಗೆ ಬರಗೇರಮ್ಮ, ಸಣ್ಣಪ್ಪ, ಹುಡುಗಿ ಮೂವರೂ ಹೊಳಲ್ಕೆರೆ ಬಸ್ಸು ಹತ್ತಿದರು. ಮೇಷ್ಟ್ರು ಅಲ್ಲಿ ಕೂಡಿಕೊಂಡರು. ಕಚೇರಿಗೆ ಮುಂಚೆ ಸಣ್ಣಪ್ಪ ಅವರನ್ನು ನಾಲೆಯ ಏರಿಗೆ ಕರೆದುಕೊಂಡು ಹೋದ. ನಡೆದು ಹೋಗಿ ಒಂದು ಜಾಲಿ ಗಿಡದ ಬುಡದಲ್ಲಿ ನಿಂತ. ಕಲ್ಲಿಲ್ಲ, ಗುರುತಿಲ್ಲ. ಆದರೆ ವರ್ಷವರ್ಷವೂ ಅವನು ಅಲ್ಲೇ ಮಂದೆ ನಿಲ್ಲಿಸಿ, ಒಂಟಿಯಾಗಿ ಕೂತು ಹೋಗಿದ್ದಾನೆ ಎನ್ನುವುದು ಬರಗೇರಮ್ಮನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅವಳು ನೆಲಕ್ಕೆ ಮುಖ ಹಚ್ಚಿ ಅತ್ತಳು. ಅವನು ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟ. ಹುಡುಗಿ ದೂರದಲ್ಲೇ ನಿಂತಿತ್ತು. ಸಣ್ಣಪ್ಪ ತಿರುಗಿ ನೋಡಿ, ಬಾರವ್ವ ಎಂದು ಹತ್ತಿರ ಕರೆದ. ಅದುವರೆಗೆ ಅವನು ಆ ಹುಡುಗಿಯೊಂದಿಗೆ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು.

ಪಂಚಾಯ್ತಿ ಕಚೇರಿಯಲ್ಲಿ, ಇಷ್ಟು ವರ್ಷ ತಡವಾದ್ದರಿಂದ ದೊಡ್ಡ ಸಾಹೇಬರ ಆದೇಶ ಬೇಕು, ಮೊದಲು ತಾಯಿಯ ಹೆಸರಲ್ಲಿ ಅರ್ಜಿ ಬರೆದುಕೊಡಿ ಎಂದರು. ಹೊರಗಿನ ಕಟ್ಟೆಯ ಮೇಲೆ ಮೇಷ್ಟ್ರು ಬಿಳಿ ಹಾಳೆ ಹರಡಿಕೊಂಡರು. ಎರಡು ಸಾಲು ಬರೆದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಬರೆಯಲು ಹೋಗಿ ಕೈ ಬಿಟ್ಟರು. ಹುಡುಗಿ ಅವರ ಕೈಯಿಂದ ಪೆನ್ನು ತೆಗೆದುಕೊಂಡು, ತಾನು ಬರೆಯುತ್ತೇನೆ ಎಂದಿತು.

ಹೊಸ ಹಾಳೆ ತೆಗೆದುಕೊಂಡಿತು. ನನ್ನ ಮಗಳಾದ ಕುಮಾರಿ ಸುಮಿತ್ರಾ ಎಂದು ಬರೆದು, ತಲೆ ಎತ್ತದೆ ಕೇಳಿತು.

"ಯಾವ ದಿನ ಅವ್ವ?"

ಅವಳು ಹೇಳಿದಳು. ದಿನ, ತಿಂಗಳು, ವರ್ಷ. ಒಂಬತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಹುಡುಗಿ ಸುಂದರವಾದ ದುಂಡು ಅಕ್ಷರದಲ್ಲಿ ಮೃತಪಟ್ಟಿರುತ್ತಾಳೆ ಎಂದು ಬರೆಯಿತು. ಇಷ್ಟು ವರ್ಷ ಆ ಹೆಸರಿಗೆ ಉತ್ತರ ಕೊಟ್ಟವಳ ಕೈಯಿಂದಲೇ ಆ ಮಾತು ಕಾಗದಕ್ಕೆ ಬಂತು. ಬರಗೇರಮ್ಮ ಹೆಬ್ಬೆಟ್ಟು ಒತ್ತಿದಳು. ಸಣ್ಣಪ್ಪ ಪಕ್ಕದಲ್ಲಿ ಒತ್ತಿದ. ಮೇಷ್ಟ್ರು ಸಾಕ್ಷಿ ಹಾಕಿದರು.

ಗುಮಾಸ್ತ ಅರ್ಜಿಯನ್ನು ಮೇಲಿಂದ ಕೆಳಗೆ ಓದಿ ಹಿಂದಕ್ಕೆ ತಳ್ಳಿದ. ಹೆಬ್ಬೆಟ್ಟಿನ ಅರ್ಜಿಗೆ ಬಿಕ್ಕಲಂ ಬೇಕು, ಬರೆದವರು ಯಾರೋ ಅವರು ಕೆಳಗೆ ಹೆಸರು ಬರೆದು ಸಹಿ ಹಾಕಬೇಕು ಎಂದ.

ಹುಡುಗಿ ಮತ್ತೆ ಪೆನ್ನಿನ ಮುಚ್ಚಳ ತೆಗೆಯಿತು. ಹಾಳೆಯ ತುದಿಯಲ್ಲಿ, ಬಿಕ್ಕಲಂ: ಯೋ. ನಿರೋಜಾ, ಎಂದು ಬರೆಯಿತು. ಎರಡನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಹುಡುಗಿ, ಸರ್ಕಾರದ ಕಾಗದವೊಂದರ ಮೇಲೆ ತನ್ನ ಹೆಸರನ್ನು ಕನ್ನಡದಲ್ಲಿ ಬರೆದದ್ದು ಅದೇ ಮೊದಲು.

ಗುಮಾಸ್ತ ಸಹಿಯನ್ನೂ ದುಂಡು ಅಕ್ಷರವನ್ನೂ ನೋಡಿ, ಈ ನಿರೋಜಾ ಅಂದರೆ ಯಾರು, ಎಲ್ಲಿ ಓದಿದವಳು ಎಂದು ಕೇಳಿದ. ಮೇಷ್ಟ್ರು ತಡವರಿಸಿದರು.

"ಇವ್ಳೇ ಸಾ," ಎಂದಳು ಬರಗೇರಮ್ಮ. "ನಮ್ ಹಟ್ಟಿ ಇಸ್ಕೂಲಾಗೆ ಓದಿದ್ಲು. ದಾಖ್ಲೆ ಇಲ್ಲ. ನಾನೇ ಇಲ್ದಂಗ್ ಮಾಡ್ದೆ."

ಗುಮಾಸ್ತನಿಗೆ ಅರ್ಥವಾಗಲಿಲ್ಲ. ಅರ್ಜಿಯ ಮೇಲೆ ಮೊಹರು ಹಾಕಿ, ಮುಂದಿನವರನ್ನು ಕರೆದ.